ಎರಡು ಅಚ್ಚಿನ ಹಂಚು

ನನ್ನ ಬಾಯಿ ಹುಟ್ಟಿದಾಗಿನಿಂದಲೇ ಜೋರು. ಜೆಪ್ಪುವಿನ ಹಂಚಿನ ಕಾರ್ಖಾನೆಯಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುತ್ತಿದ್ದವರು ಕಡಿಮೆ. "ಆ ಬಾಯಿಬಡುಕಿ" ಎಂದರೆ ಸಾಕು, ಎಲ್ಲರೂ ನನ್ನ ಕಡೆ ತಿರುಗುತ್ತಿದ್ದರು. ಅಂಥ ನಾನು ಒಂದೇ ಒಂದು ಮಾತನ್ನು ಮೂರು ವರ್ಷಕ್ಕೂ ಹೆಚ್ಚು ಹೊಟ್ಟೆಯೊಳಗೆ ಇಟ್ಟುಕೊಂಡೆ. ಅದನ್ನು ಈಗ ಬರೆದಿಡುತ್ತಿದ್ದೇನೆ. ನಾವು ಮನೆಯಲ್ಲಿ ಆಡುತ್ತಿದ್ದದ್ದು ತುಳು, ನಾನು ಅಕ್ಷರ ಕಲಿತದ್ದು ಕನ್ನಡದಲ್ಲಿ. ಹಾಗಾಗಿ ಅಮ್ಮನ ಮಾತೂ ಇಲ್ಲಿ ಕನ್ನಡದಲ್ಲೇ ಬರುತ್ತದೆ.

ಮೊದಲನೆಯ ಮಹಾಯುದ್ಧ ಮುಗಿದು ಒಂದೆರಡು ವರ್ಷ ಆಗಿರಬಹುದು. ಅಪ್ಪ ಆಗಲೇ ತೀರಿಕೊಂಡಿದ್ದರು. ಅಮ್ಮ, ನಾನು, ತಂಗಿ, ಮೂವರೂ ಇದ್ದದ್ದು ತೆಂಗಿನ ಮಡಲು ಹೊದಿಸಿದ ಒಂದೇ ಕೋಣೆಯ ಮನೆಯಲ್ಲಿ. ನಾವು ಮಾಡಿದ ಹಂಚು ಹಡಗು ಹತ್ತಿ ಎಲ್ಲಿಯ ಯಾರ ಯಾರ ಮನೆಗೋ ಹೋಗುತ್ತಿತ್ತು, ನಮ್ಮ ತಲೆಯ ಮೇಲೆ ಮಾತ್ರ ಮಡಲು. ಆ ವರ್ಷ ಆಟಿ ತಿಂಗಳ ಜಡಿಮಳೆಯಲ್ಲಿ ಮಡಲು ಕೊಳೆತು, ಪಡುಬದಿಯ ಮೂಲೆ ಇಡೀ ಸೋರಿತು. ಅಲ್ಲಿ ಮಲಗುತ್ತಿದ್ದ ತಂಗಿಗೆ ಜ್ವರ ಬಂತು. ಎಂಟು ದಿನ ನರಳಿ ಹೋದಳು. ಅವಳ ಚಾಪೆಯನ್ನು ಹಿಂಡಿದಾಗ ನೀರು ಇಳಿದದ್ದು ನನಗೆ ಇನ್ನೂ ನೆನಪುಂಟು.

ಹದಿಮೂರನೆಯ ದಿನದ ಕ್ರಿಯೆ ಮುಗಿಸಿ ಅಮ್ಮ ಅಂದಳು: "ಈ ಮನೆಯಲ್ಲಿ ಇನ್ನು ಯಾರೂ ನೆನೆದು ಸಾಯ್ಲಿಕ್ಕಿಲ್ಲ. ಮಾಡಿಗೆ ಹಂಚು ಹಾಕ್ತೇನೆ."

"ಎಲ್ಲಿಂದ ತರ್ತಿ? ಆಕಾಶದಿಂದ ಉದುರ್ತದಾ?" ಎಂದೆ. ನನ್ನ ಬಾಯಿಯೇ ಹಾಗೆ.

ಕಾರ್ಖಾನೆಯಲ್ಲಿ ಒಂದು ಪದ್ಧತಿ ಇತ್ತು. ಸುಟ್ಟು ತೆಗೆದ ಹಂಚುಗಳಲ್ಲಿ ಬಣ್ಣ ಕೆಟ್ಟದ್ದು, ಮೂಲೆ ಸ್ವಲ್ಪ ಹಾರಿದ್ದು ಹಡಗಿಗೆ ಹೋಗುತ್ತಿರಲಿಲ್ಲ. ಅದರಲ್ಲಿ ಶನಿವಾರ ಶನಿವಾರ ಒಂದು ಮನೆಗೆ ಎರಡರ ಹಾಗೆ ಕೆಲಸದವರು ಒಯ್ಯಬಹುದಿತ್ತು. ಹೆಚ್ಚಿನವರು ಅದನ್ನು ಬಾವಿಕಟ್ಟೆಗೋ ಬಚ್ಚಲಿಗೋ ಹಾಸುತ್ತಿದ್ದರು. ಅಮ್ಮ ಮನೆಯ ಅಳತೆ ಹಿಡಿಸಿದಳು. ಮೂಡುಬದಿಯ ಇಳಿಜಾರಿಗೆ ಮುನ್ನೂರು, ಪಡುಬದಿಗೆ ಮುನ್ನೂರು, ಒಟ್ಟು ಆರುನೂರು. ವಾರಕ್ಕೆ ಎರಡರಂತೆ ಆರು ವರ್ಷ.

"ಆರು ವರ್ಷವಾ? ಅಷ್ಟರಲ್ಲಿ ನಾವೇ ಮಣ್ಣಾಗಿರ್ತೇವೆ."

"ಹನಿ ಹನಿ ಕೂಡಿದ್ರೆ ಹಳ್ಳ, ಮಾರಾಯ್ತಿ. ನೀನು ಸಿಂಬೆ ಕಟ್ಟು."

ತಲೆಯ ಸಿಂಬೆಯ ಮೇಲೆ ಎರಡು ಹಂಚು ಹೊತ್ತು ಬರುವುದು ನನ್ನ ಪಾಲಿಗೆ ಬಂತು. ಅಮ್ಮ ಅದನ್ನು ಮನೆಯ ಹಿಂದೆ ಸಾಲಾಗಿ ನಿಲ್ಲಿಸುತ್ತಿದ್ದಳು. ಹತ್ತಾದಾಗ ಹೊಳೆಯಲ್ಲಿ ಸಿಗುವ ಮರುವಾಯಿಯ ಒಂದು ಕಪ್ಪೆಚಿಪ್ಪನ್ನು ತೊಳೆದು ತೆಂಗಿನ ಗೆರಟೆಗೆ ಹಾಕುತ್ತಿದ್ದಳು. ಅವಳಿಗೆ ಅಕ್ಷರ ಬಾರದು. ಅರವತ್ತು ಚಿಪ್ಪಾದರೆ ಮನೆಯ ಮಾಡಿಗೆ ಹಂಚು ಸಾಕಾಯಿತು ಎಂಬುದೊಂದು ಗೊತ್ತು. ಜ್ವರ ಇರಲಿ, ಮೈಕೈ ನೋವಿರಲಿ, ಶನಿವಾರ ತಪ್ಪಿಸಿದವಳಲ್ಲ. ಭಾನುವಾರ ಬೆಳಿಗ್ಗೆ ಚಿಪ್ಪುಗಳನ್ನು ನೆಲಕ್ಕೆ ಸುರಿದು ಎಣಿಸಿ ಮತ್ತೆ ತುಂಬುವಳು. ಆ ಸದ್ದು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅಮ್ಮನ ಕೆಲಸ ನೇತ್ರಾವತಿ ಹೊಳೆಯಲ್ಲಿ ದೋಣಿಯ ಮೇಲೆ ಬಂದ ಮಣ್ಣನ್ನು ಬುಟ್ಟಿಯಲ್ಲಿ ಹೊರುವುದು. ನನ್ನದು ಯಂತ್ರದ ಬುಡದಲ್ಲಿ. ಅಚ್ಚಿನಿಂದ ಬಿದ್ದ ಹಸಿ ಹಂಚಿನ ಅಂಚನ್ನು ನಾನು ಕತ್ತಿಯಿಂದ ಸವರಬೇಕಿತ್ತು. ಚಿಪ್ಪು ಮೂವತ್ತನಾಲ್ಕಾದ ವರ್ಷ, ಸವೆದುಹೋದ ಹಳೆಯ ಅಚ್ಚನ್ನು ತೆಗೆದು ಹೊಸದನ್ನು ಕೂರಿಸಿದರು. ನಮ್ಮ ಮೇಸ್ತ್ರಿ ಹಳೆಯ ಹಂಚಿನ ಪಕ್ಕ ಹೊಸದನ್ನು ಇಟ್ಟು ತೋರಿಸಿದರು. ಒಂದರ ಅಂಚು ಇನ್ನೊಂದರ ಕಾಲುವೆಗೆ ಕೂತುಕೊಳ್ಳಲಿಲ್ಲ. ಉಗುರಿನಷ್ಟು ಸಂದು ಉಳಿಯಿತು.

"ಒಂದೇ ಬದಿಗೆ ಎರಡು ಅಚ್ಚು ಹಾಕ್ಲಿಕ್ಕಾಗುವುದಿಲ್ಲ, ಗೊತ್ತಾಯ್ತಾ? ನೀರು ಇಳೀತದೆ" ಎಂದರು.

ಗೊತ್ತಾಯಿತು. ಅಲ್ಲೇ ಲೆಕ್ಕವೂ ಆಯಿತು. ಹಳೆಯದು ಮುನ್ನೂರ ನಲವತ್ತು ಮನೆಯಲ್ಲುಂಟು. ಒಂದು ಬದಿಗೆ ಮುನ್ನೂರು ಸಾಕು, ಆ ಹೆಚ್ಚಿನ ನಲವತ್ತು ದಂಡ. ಹೊಸದು ಮುನ್ನೂರಾಗಬೇಕಾದರೆ ಅರವತ್ತು ಚಿಪ್ಪು ಸಾಲದು, ಅರವತ್ತನಾಲ್ಕು ಬೇಕು. ಇಷ್ಟನ್ನು ಸಂಜೆ ಹೇಳಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ. ಯಾಕೆಂದರೆ ಆರು ವರ್ಷದ ಮೇಲೆ ಇನ್ನೂ ಇಪ್ಪತ್ತು ಶನಿವಾರ ಹೊರಬೇಕಾದದ್ದು ನನ್ನ ತಲೆ. ನನಗೆ ಸಾಕಾಗಿತ್ತು. ಮುಂದಿನ ವಾರ ಹೇಳಿದರಾಯಿತು ಎಂದುಕೊಂಡೆ. ಮುಂದಿನ ವಾರ ಅಮ್ಮ ಮೂವತ್ತೈದನೆಯ ಚಿಪ್ಪಿನ ಲೆಕ್ಕದಲ್ಲಿದ್ದಳು, ಮುಖ ಅರಳಿತ್ತು. ಆಮೇಲೆ ಹೇಳೋಣ ಎಂದು ಬಾಯಿ ತೆರೆದಾಗಲೆಲ್ಲ "ಇಷ್ಟು ದಿನ ಎಂತ ಬಾಯಿ ಮುಚ್ಚಿಕೊಂಡಿದ್ದಿ?" ಎಂದು ಕೇಳಿದರೆ ಏನು ಹೇಳುವುದು ಎಂಬ ಹೆದರಿಕೆ. ಮಾತು ಆಡಿದರೆ ಹೋಯಿತು ಎನ್ನುತ್ತಾರೆ. ಆಡದೆಯೂ ಹೋಗುತ್ತದೆ.

ಆರು ವರ್ಷ ತುಂಬಿದ ಮೇಲಿನ ದೀಪಾವಳಿಗೆ ಅರವತ್ತನೆಯ ಚಿಪ್ಪು ಬಿತ್ತು. ಅಮ್ಮ ಪಾಯಸ ಮಾಡಿದಳು. ಅಲ್ಲಿಂದ ಮುಂದೆ ನಮ್ಮ ಶನಿವಾರದ ಎರಡು ಹಂಚನ್ನು ಪಕ್ಕದ ಮನೆಯ ಅಜ್ಜಿಯ ದನದ ಹಟ್ಟಿಗೆ ಬಿಟ್ಟುಕೊಟ್ಟಳು. ಅದನ್ನು ಅಜ್ಜಿಯ ಅಂಗಳಕ್ಕೆ ಹೊತ್ತು ಹಾಕಿದವಳೂ ನಾನೇ. ಪ್ರತಿ ಸಲ ಇಳಿಸುವಾಗ, ನಮಗೆ ಕಡಿಮೆ ಬೀಳುವ ಹೊಸ ಅಚ್ಚಿನದ್ದೇ ಇದು ಎಂದು ಗೊತ್ತಿತ್ತು. ಆದರೂ ಬಾಯಿ ಬಿಡಲಿಲ್ಲ. ಥೂ, ನನ್ನ ಜನ್ಮಕ್ಕೆ.

ಬೇಸಿಗೆಯಲ್ಲಿ ಹಂಚು ಹೊದಿಸುವವನು ಬಂದ. ಹತ್ತು ಹಂಚು ಕೂರಿಸಿ ಕೆಳಗಿಳಿದ.

"ಅಕ್ಕಾ, ಇದು ಎರಡು ಅಚ್ಚು."

"ಎಂತ ಹೇಳ್ತಿ? ಎಲ್ಲ ಒಂದೇ ಕಾರ್ಖಾನೆಯದ್ದು."

ಅವನು ಜೋಡಿಸಿ ತೋರಿಸಿದ. ಅಮ್ಮ ಸಂದಿನಲ್ಲಿ ಬೆರಳಾಡಿಸಿ ನೋಡಿದಳು. ನನ್ನ ಕಡೆ ತಿರುಗಿ, "ನಿನಗೆ ಗೊತ್ತಾಗ್ಲಿಲ್ವಾ ಮಗಾ?" ಎಂದಳು. ಗದರಲಿಲ್ಲ, ಸುಮ್ಮನೆ ಕೇಳಿದಳು.

"ಇಲ್ಲ" ಎಂದೆ.

ಮೂಡುಬದಿಗೆ ಹಳೆಯ ಅಚ್ಚಿನದ್ದು ಚೆಂದಕ್ಕೆ ಕೂತಿತು. ಪಡುಬದಿಗೆ ಹೊಸದು ನಲವತ್ತು ಕಡಿಮೆ ಬಿತ್ತು. ಕಡಿಮೆ ಬಿದ್ದ ಮೂಲೆಗೆ ಅವನು ಉಳಿದ ಹಳೆಯ ನಲವತ್ತನ್ನೇ ಹಾಕಿ ಸಂದಿಗೆ ಸುಣ್ಣದ ಗಾರೆ ಮೆತ್ತಿದ. ತಂಗಿ ಮಲಗುತ್ತಿದ್ದ ಮೂಲೆ ಅದು. ಅಜ್ಜಿಯ ಹತ್ತಿರ ಹಂಚು ವಾಪಸ್ ಕೇಳೋಣವೆಂದರೆ ಅಮ್ಮ, "ಕೊಟ್ಟದ್ದನ್ನು ಕೇಳ್ಲಿಕ್ಕುಂಟಾ? ಇಪ್ಪತ್ತು ಶನಿವಾರ ಅಷ್ಟೆ. ನವರಾತ್ರಿಗೆ ಸರಿಯಾಗ್ತದೆ" ಎಂದಳು. ಖಾಲಿ ಮಾಡಿ ಮೇಲಿಟ್ಟಿದ್ದ ಗೆರಟೆಯನ್ನು ಹೊಸ ಲೆಕ್ಕಕ್ಕೆ ಮತ್ತೆ ಕೆಳಗಿಳಿಸಿದಳು.

ಮಳೆ ಹಿಡಿದ ಮೂರನೆಯ ದಿನಕ್ಕೆ ಗಾರೆ ಬಿಟ್ಟಿತು. ಅಮ್ಮ ತನ್ನ ಚಾಪೆಯನ್ನು ಪಡುಬದಿಗೆ ಎಳೆದುಕೊಂಡು, ಹನಿ ಬೀಳುವಲ್ಲಿಗೆ ಒಂದು ಮಡಕೆ ಇಟ್ಟಳು. ನಾನು ಜಗಳ ಮಾಡಿದೆ, ಕೇಳಲಿಲ್ಲ. "ನೀನು ಪ್ರಾಯದವಳು, ಆಚೆ ಮಲಗು" ಎಂದಳು. ಉಬ್ಬಸ ಅವಳಿಗೆ ಮೊದಲೇ ಇತ್ತು. ನೆನೆದ ಮೈಯಲ್ಲೇ ಮಣ್ಣು ಹೊತ್ತಳು. ಹನ್ನೊಂದನೆಯ ಶನಿವಾರ ಏಳಲಾಗಲಿಲ್ಲ. ಗೆರಟೆಯಲ್ಲಿ ಎರಡು ಚಿಪ್ಪಿತ್ತು.

ಆಟಿಯ ಒಂದು ಮಧ್ಯಾಹ್ನ. ಹೊರಗೆ ಮಳೆ. ಅಮ್ಮನ ಉಸಿರು ಎಳೆಯುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಎಳೆಯುತ್ತಿತ್ತು. ಬೆಳಗಿನಿಂದ ಹಾಗೆಯೇ. ಪಕ್ಕದ ಮನೆಯ ಅಜ್ಜಿ ನನ್ನನ್ನು ಬಾಗಿಲ ಬಳಿ ಕರೆದು, "ಜೀವ ಹೋಗ್ಲಿಕ್ಕೆ ಕಷ್ಟಪಡ್ತಾ ಉಂಟು. ಏಣಿ ಇಟ್ಟು ಒಂದು ಹಂಚು ಸರಿಸು, ದಾರಿಯಾಗ್ಲಿ" ಎಂದಳು. ನಮ್ಮಲ್ಲಿ ಹಳಬರು ಹಾಗೆ ಮಾಡುತ್ತಿದ್ದರು. ಅಜ್ಜಿ ತುಳಸಿ ನೀರು ತರಲು ತನ್ನ ಮನೆಗೆ ಹೋದಳು.

ಏಣಿ ತಂದು ಗೋಡೆಗೆ ಆನಿಸಿದೆ. ಅಮ್ಮ ಕಣ್ಣು ಬಿಟ್ಟಳು. ಏಣಿ ನೋಡಿ ಕೈ ಎತ್ತಿದಳು.

"ಬೇಡ. ತೆಗೀಬೇಡ. ಸೋರ್ತದೆ."

ನನಗೆ ಇನ್ನು ತಡೆಯಲಾಗಲಿಲ್ಲ. ಅವಳ ಬಳಿ ಕೂತು ಕಿವಿಗೆ ಬಾಯಿಟ್ಟು ಹೇಳಿದೆ: "ಅಮ್ಮಾ, ಅಚ್ಚು ಬದಲಾದದ್ದು ನನಗೆ ಗೊತ್ತಿತ್ತು. ಅವತ್ತೇ ಗೊತ್ತಿತ್ತು. ಹೊರ್ಲಿಕ್ಕೆ ಉದಾಸೀನವಾಗಿ ಹೇಳ್ಲಿಲ್ಲ."

ಅವಳು ನನ್ನನ್ನು ನೋಡಿದಳು. ಕೇಳಿಸಿತೋ ಇಲ್ಲವೋ, ಇವತ್ತಿಗೂ ನನಗೆ ಗೊತ್ತಿಲ್ಲ.

"ಮಡಕೆ ತುಂಬಿತಾ ನೋಡು ಮಗಾ" ಎಂದಳು.

ತುಂಬಿತ್ತು. ಎತ್ತಿಕೊಂಡು ಹೋಗಿ ಅಂಗಳಕ್ಕೆ ಚೆಲ್ಲಿ ಬಂದೆ. ಅಷ್ಟರಲ್ಲಿ ಉಸಿರು ನಿಂತಿತ್ತು.

ಅಜ್ಜಿ ಬಂದು ಅಮ್ಮನ ಕಣ್ಣು ಮುಚ್ಚಿಸಿ, ಮಾಡಿನ ಕಡೆ ನೋಡುತ್ತಾ ಕೇಳಿದಳು: "ಯಾವ ಹಂಚು ಸರಿಸಿದೆ?"

"ಯಾವುದೂ ಇಲ್ಲ ಅಜ್ಜಿ" ಎಂದೆ. ಅಮ್ಮನ ತಲೆಯ ಮೇಲೆ, ಎರಡು ಅಚ್ಚು ಸೇರುವಲ್ಲಿ, ಉಗುರಿನಷ್ಟು ಅಗಲಕ್ಕೆ ಬೆಳಕು ಕಾಣುತ್ತಿತ್ತು. ಖಾಲಿ ಮಡಕೆಯನ್ನು ಅದರ ಕೆಳಗೆ ಇಟ್ಟೆ.