ಅಪ್ಪನ ಪೀಠ, ನನ್ನ ಕುರ್ಚಿ

ನನ್ನಪ್ಪ ಹೈಕೋರ್ಟ್ ನ್ಯಾಯಮೂರ್ತಿಯಾಗಿದ್ದವರು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಬಳಗದವರು ನನ್ನನ್ನು ಪರಿಚಯಿಸುವಾಗಲೂ ಇದನ್ನೇ ಮೊದಲು ಹೇಳುತ್ತಾರೆ, ನನ್ನ ಹೆಸರು ನೆನಪಾದರೆ ಆಮೇಲೆ. ಮಂಗಳೂರಿನಲ್ಲಿ ವಕೀಲರಾಗಿ ಶುರು ಮಾಡಿ, ಜಿಲ್ಲಾ ನ್ಯಾಯಾಧೀಶರಾಗಿ ಊರೂರು ಸುತ್ತಿ, ಕೊನೆಗೆ ಹೈಕೋರ್ಟಿನ ಪೀಠವೇರಿದರು. ಅಲ್ಲಿ ಕೆಂಪು ಪಟ್ಟಿಯ ದಫೇದಾರ ಮುಂದೆ ನಡೆದು ಅವರಿಗೆ ದಾರಿ ಬಿಡಿಸುತ್ತಿದ್ದ. ಮನೆಯಲ್ಲಿ ಆ ಕೆಲಸ ಅಮ್ಮನದು. ಅಪ್ಪ ತೀರ್ಪು ಬರೆಯುತ್ತಿದ್ದರೆ ನಾವು ಕುಕ್ಕರಿನ ಸೀಟಿಗೂ ಹೆದರಬೇಕಿತ್ತು.

ನನಗೆ ಕಾನೂನು ಓದಿಸಲಿಲ್ಲ. "ನಿನ್ನ ಬಾಯಿಗೆ ಕೋರ್ಟು ಆಗ್ಲಿಕ್ಕಿಲ್ಲ ಮಗಾ," ಎಂದರು. ಕೆಮಿಸ್ಟ್ರಿ ಓದಿದೆ, ಮದುವೆಯಾದೆ, ಸ್ವೀಡನ್ನಿಗೆ ಬಂದೆ, ಇಲ್ಲಿನ ಪ್ರಜೆಯೂ ಆದೆ. ಗಂಡ ರೈಲಿನಲ್ಲಿ ಉಪ್ಸಾಲಾಕ್ಕೆ ಹೋಗಿ ಕೆಲಸ ಮಾಡುತ್ತಿದ್ದರು, ನಾನು ನಮ್ಮ ಸಣ್ಣ ಪಟ್ಟಣದ ಶಾಲೆಯಲ್ಲಿ ಪಾಠ ಮಾಡುತ್ತಿದ್ದೆ. ಇಲ್ಲಿನ ಕೆಳಕೋರ್ಟಿನಲ್ಲಿ ಕಾನೂನು ಓದಿದ ನ್ಯಾಯಾಧೀಶರ ಪಕ್ಕದಲ್ಲಿ ಮೂವರು ಸಾಮಾನ್ಯ ಜನ ಕೂರುತ್ತಾರೆ. ನಾಲ್ವರದೂ ಒಂದೊಂದು ಮತ, ಸಮಾನ ಮತ. ರಾಜಕೀಯ ಪಕ್ಷಗಳು ಹೆಸರು ಸೂಚಿಸುತ್ತವೆ, ಕೊಮ್ಮೂನ್, ಅಂದರೆ ಊರಿನ ನಗರಸಭೆ, ನೇಮಿಸುತ್ತದೆ. ಹೊಸ ಶತಮಾನ ಶುರುವಾಗಿ ನಾಲ್ಕೈದು ವರ್ಷವಾಗಿದ್ದಾಗ, ನಾನು ಸದಸ್ಯಳಾಗಿದ್ದ ಪಕ್ಷದಿಂದ ನನ್ನ ಹೆಸರೂ ಬಂತು. ಫೋನಿನಲ್ಲಿ ಹೇಳಿದರೆ ಅಪ್ಪ ನಕ್ಕುಬಿಟ್ಟರು. "ಕಾನೂನು ಓದದವರು ತೀರ್ಪು ಕೊಡುವುದಾ? ಎಂತ ಕೋರ್ಟು ಮಾರಾಯ್ತಿ ಅದು!"

ಆ ನಗು ನನಗೆ ನಾಟಿತ್ತು. ಮುಂದಿನ ಬೇಸಿಗೆಯಲ್ಲಿ ಅವರು ಬಂದಾಗ, ಬನ್ನಿ ನೋಡಿ ಎಂದು ಕರೆದುಕೊಂಡೇ ಹೋದೆ. ಇಲ್ಲಿ ಯಾರು ಬೇಕಾದರೂ ಕೂತು ವಿಚಾರಣೆ ನೋಡಬಹುದು. ಅಪ್ಪ ಆ ಬಿಸಿಲಿನಲ್ಲೂ ಕಪ್ಪು ಕೋಟು ಹಾಕಿದ್ದರು. ನಾವು ನಾಲ್ವರು ಒಳಗೆ ಬಂದಾಗ ಇಡೀ ಕೋಣೆಯಲ್ಲಿ ಅವರೊಬ್ಬರೇ ಎದ್ದು ನಿಂತು ಪೀಠಕ್ಕೆ ತಲೆಬಾಗಿದರು. ತಮ್ಮ ಫೈಲನ್ನು ತಾವೇ ಹೊತ್ತು ತಂದಿದ್ದ, ಗೌನಿಲ್ಲದ ನಮ್ಮ ನ್ಯಾಯಾಧೀಶರು ಗಲಿಬಿಲಿಯಾಗಿ ತಾವೂ ತಲೆಬಾಗಿದರು. ನನಗೆ ನಾಚಿಕೆಯೂ ಆಯಿತು, ಒಳಗೊಳಗೇ ಖುಷಿಯೂ ಆಯಿತು.

ಅಂದಿನ ಆರೋಪಿ, ಮುದುಕರ ಮನೆಗಳಿಗೆ ಹೋಗಿ ಆರೈಕೆ ಮಾಡುವ ಹೆಂಗಸು, ಹೊರದೇಶದವಳು. ಒಬ್ಬ ಅಜ್ಜನ ಮನೆಯಿಂದ ಚಿನ್ನದ ಸರ ಕಾಣೆಯಾಗಿತ್ತು. ಮನೆಯ ಕೀಲಿ ಅವಳ ಬಳಿ ಇತ್ತು ಎಂಬುದೇ ಮುಖ್ಯ ಸಾಕ್ಷಿ. ಅದೇ ಕೀಲಿ ಇನ್ನಿಬ್ಬರು ಕೆಲಸಗಾರರ ಬಳಿಯೂ ಇತ್ತು, ಅವರನ್ನು ಯಾರೂ ವಿಚಾರಿಸಿರಲಿಲ್ಲ. ಅವಳು ತಲೆ ತಗ್ಗಿಸಿ ಉತ್ತರ ಕೊಟ್ಟಳು. ಶಿಕ್ಷೆಯಾದರೆ ಕೆಲಸ ಹೋಗುತ್ತಿತ್ತು, ಕೆಲಸದ ಜೊತೆ ಈ ದೇಶದಲ್ಲಿರುವ ಪರ್ಮಿಟ್ಟೂ.

ವಿಚಾರಣೆ ಮುಗಿದು ನಾವು ನಾಲ್ವರು ಒಳಕೋಣೆಗೆ ಹೋದೆವು. ಅಲ್ಲಿ ಯಾರು ಏನೆಂದರು ಎಂದು ಹೇಳಲಾರೆ, ಹೇಳುವುದಿಲ್ಲವೆಂದು ಪ್ರಮಾಣ ಮಾಡಿದ್ದೇನೆ. ಮಾತು ಮುಗಿಯುವ ಮೊದಲೇ ಊಟದ ಹೊತ್ತಾಯಿತು. ಅಪ್ಪ ಹೊರಗಿನ ಬೆಂಚಿನ ಮೇಲೆ ಡಬ್ಬಿ ಬಿಚ್ಚಿ ಕೂತಿದ್ದರು. ನಾನು ಚಿತ್ರಾನ್ನವನ್ನು ಬರಿದೇ ಕೆದಕಿದೆ.

"ಅವರು ಮೂವರು ಒಂದು ಕಡೆ, ನೀನು ಒಬ್ಬಳೇ, ಅಲ್ವಾ?" ಎಂದರು.

ಅವರಿಗೆ ಒಂದಕ್ಷರ ಸ್ವೀಡಿಷ್ ಬರುತ್ತಿರಲಿಲ್ಲ. ನನ್ನ ಮುಖ ನೋಡಿಯೇ ಊಹಿಸಿದ್ದರು.

"ಹೇಳ್ಬೇಡ. ಹೇಳ್ಳಿಕ್ಕೂ ಬಾರದು. ಆದ್ರೆ ಕೇಳು. ಪೀಠದಲ್ಲಿ ಹಿರಿಯರು ತೀರ್ಪು ಬರೀತಾರೆ, ನಾವು ಕೆಳಗೆ 'ಒಪ್ಪಿದೆ' ಅಂತ ಸಹಿ ಹಾಕ್ತೇವೆ. ನಾನೂ ಹಾಗೇ ಮಾಡಿದ್ದು. ನಾಳೆಯೂ ಅವರ ಪಕ್ಕದಲ್ಲೇ ಕೂರ್ಬೇಕಲ್ಲ ನೀನು? ಒಬ್ಬಳ ಮತದಿಂದ ಎಂತ ಬದಲಾಗ್ತದೆ? ಒಪ್ಪಿಕೊಂಡುಬಿಡು ಮಗಾ."

ಮೈ ಉರಿದುಹೋಯಿತು. ಚಿಕ್ಕಂದಿನಿಂದ ನ್ಯಾಯ, ನ್ಯಾಯ ಎಂದು ನಮ್ಮ ಕಿವಿ ತೂತು ಮಾಡಿದ ಮನುಷ್ಯ ಇವರೇನಾ? ಡಬ್ಬಿ ಮುಚ್ಚಿ ಅವರ ಕೈಗಿಟ್ಟು ಒಳಗೆ ನಡೆದೆ. ಮಧ್ಯಾಹ್ನ ಕಾಫಿಯ ಹೊತ್ತಿಗೆ ನನ್ನ ಭಿನ್ನಮತವನ್ನು ಬರೆಸಿದೆ.

ಭಿನ್ನಮತವನ್ನು ಇಲ್ಲಿ ತೀರ್ಪಿನ ಕೊನೆಗೆ ಲಗತ್ತಿಸುತ್ತಾರೆ. ಅದು ಎಲ್ಲರೂ ಓದಬಹುದಾದ ಕಾಗದ, ಹಾಗಾಗಿ ಅದನ್ನು ಹೇಳಬಹುದು. ಮೂವರು ಅವಳು ತಪ್ಪಿತಸ್ಥೆ ಎಂದರು, ನಾನು ಇಲ್ಲವೆಂದೆ. ಮೇಲಿನ ಕೋರ್ಟಿನಲ್ಲೂ ಆ ಹೆಂಗಸು ಸೋತಳು, ದೇಶ ಬಿಟ್ಟು ಹೋದಳಂತೆ. ನನ್ನ ಅವಧಿ ಮುಗಿದಾಗ ಪಕ್ಷದವರು ಮತ್ತೆ ನನ್ನ ಹೆಸರು ಸೂಚಿಸಲಿಲ್ಲ. ಸೂಚಿಸದಿದ್ದರೆ ಹೋಗಲಿ. ಅವಳು ಸೋತಳೆಂಬ ಕಾರಣಕ್ಕೆ ನಾನು ಬರೆದದ್ದು ಸುಳ್ಳಾಗುವುದಿಲ್ಲ. ಇವತ್ತು ಕೇಳಿದರೂ ಅದನ್ನೇ ಬರೆಯುತ್ತೇನೆ.

ಆ ಬೇಸಿಗೆಯಲ್ಲೇ ತೀರ್ಪಿನ ಪ್ರತಿ ಕೈಗೆ ಬಂದಾಗ ಅಪ್ಪ ಇನ್ನೂ ನಮ್ಮ ಮನೆಯಲ್ಲೇ ಇದ್ದರು. "ನಿನ್ನದನ್ನು ಓದು," ಎಂದರು. ಅಡುಗೆಮನೆಯ ಮೇಜಿನ ಮುಂದೆ ಕೂತು ಕನ್ನಡದಲ್ಲಿ ಹೇಳುತ್ತ ಹೋದೆ: "ಕೀಲಿ ಮೂವರ ಬಳಿ ಇತ್ತು. ಒಬ್ಬಳನ್ನು ಮಾತ್ರ ಕೇಳಲಾಗಿದೆ. ಉಳಿದಿಬ್ಬರನ್ನು ಕೇಳದೆ ಇವಳನ್ನು ಶಿಕ್ಷಿಸಲಾಗದು." ಇದ್ದದ್ದು ಅಷ್ಟೇ. ಅವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಳ್ಳಲಿಲ್ಲ.

"ನಾನೂ ಒಂದು ಬರ್ದಿದ್ದೆ," ಎಂದರು. "ಕೊಲೆ ಕೇಸು. ಇಡೀ ಭಾನುವಾರ ಕೂತು ಬರ್ದದ್ದು. ಸೋಮವಾರ ಹಿರಿಯರ ಮುಖ ನೋಡಿ ಹರಿದು ಹಾಕಿದೆ. 'ಒಪ್ಪಿದೆ' ಅಂತ ಸಹಿ ಮಾಡಿದೆ. ಆ ಮನುಷ್ಯ ಜೈಲಿನಲ್ಲೇ ಸತ್ತ."

ಆಗಿನ ಪರಿಸ್ಥಿತಿ ಹಾಗಿತ್ತು ಬಿಡಿ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಮ್ಮನಾಗಿದ್ದರೆ ಹೇಳಿಬಿಡುತ್ತಿದ್ದಳು. ಎದುರಿಗೆ ಕೂತಿದ್ದವರು ಎಪ್ಪತ್ತು ದಾಟಿದ ಮುದುಕರು, ನನ್ನಪ್ಪ. ಆದರೂ ನಾನು ಅದನ್ನು ಹೇಳಲಿಲ್ಲ.

"ನೀವು ಅದನ್ನು ಹರೀಬಾರದಿತ್ತು, ಅಪ್ಪ," ಎಂದೆ.

"ಹೌದು ಮಗಾ," ಎಂದರು. "ಹರೀಬಾರದಿತ್ತು."