ದೇವರಿಗೆ ತಾಬಡತೋಬ

ತಾಬಡತೋಬ ಎಂಬ ಮಾತು ಕೇಳಿದರೆ ನನಗೀಗ ಮೈ ಉರಿಯುತ್ತದೆ. ಈಗಿಂದೀಗಲೇ ಎಂದು ಅದರ ಅರ್ಥ. ಗಡಿಯಾಚೆಯ ಮರಾಠಿಯಿಂದ ಬಂದು ನಮ್ಮಲ್ಲೇ ನೆಲೆಸಿದ ಮಾತು. ಚಿಕ್ಕೋಡಿ ಬಸ್ ನಿಲ್ದಾಣದಲ್ಲಿ ಡ್ರೈವರು ಹಾರ್ನ್ ಹೊಡೆಯುತ್ತಿರುವಾಗ ‘ಎರಡ ಚಾ, ತಾಬಡತೋಬ!’ ಎಂದು ಕೂಗಲು ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಎಷ್ಟೋ ಸಲ ನಾನೂ ಕೂಗಿದ್ದೇನೆ. ಆದರೆ ದೇವರಿಗೆ?

ನನ್ನ ಹೆಂಡತಿ ಮಾರ್ಥಾಳ ಕುತ್ತಿಗೆಯಲ್ಲೊಂದು ಗಂಟು ಎದ್ದಿದೆ. ಮಿರಜಿನ ಆಸ್ಪತ್ರೆಯಲ್ಲಿ ಆಪರೇಷನ್ ಆಗಬೇಕು. ಅದು ಎಂಥ ಗಂಟು ಎಂಬುದು ತೆಗೆದ ಮೇಲೆಯೇ ಗೊತ್ತಾಗುವುದು. ಸುದ್ದಿ ತಿಳಿದು, ಕಳೆದ ರವಿವಾರ ಪರವೂರಿನ ಪ್ರಾರ್ಥನಾವೀರರೊಬ್ಬರು ಐನಾಪುರದ ನಮ್ಮ ಮನೆಗೆ ಬಂದರು. ಒಂದು ಕೈ ಅವಳ ತಲೆಯ ಮೇಲೆ, ಇನ್ನೊಂದು ತಮ್ಮ ಸೊಂಟದ ಮೇಲೆ ಇಟ್ಟು, “ಕರ್ತನೇ, ಈ ಗಂಟ ತಾಬಡತೋಬ ಕರಗಸು! ಮಾತ ಕೊಟ್ಟಿಯಲ್ಲ, ನಡಸು!” ಎಂದು ಗುಡುಗಿದರು. ಪಕ್ಕದ ಮನೆಯ ಎಮ್ಮೆ ಬೆದರಿ ಹಗ್ಗ ಜಗ್ಗಿತು.

ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೆಮನೆ ತೋಟದಲ್ಲಿ ಸ್ವಂತ ಮಗನೇ ನೆಲಕ್ಕೆ ಮುಖ ಹಚ್ಚಿ ಬೇಡಿಕೊಂಡ ತಂದೆಯೆದುರು ಈ ಮನುಷ್ಯ ಸೊಂಟಕ್ಕೆ ಕೈಕೊಟ್ಟು ನಿಲ್ಲುತ್ತಾನಲ್ಲ! ದೇವರೇನು ಇವನ ಹೊಲದ ಆಳೇ? ಕಬ್ಬು ಕಡಿಯುವ ಆಳಿಗೆ ಹೀಗೊಮ್ಮೆ ಅಂದು ನೋಡಲಿ, ಮರುದಿನ ಅವನು ಈ ಕಡೆ ತಲೆ ಹಾಕುವುದಿಲ್ಲ. ಸಿಟ್ಟಿನಲ್ಲಿ ಬಹುವಚನ ಉದುರಿಹೋಯಿತು, ಇರಲಿ ಬಿಡಿ.

ಅವರು ಚಹಾ ಕುಡಿದು ಹೋದ ಮೇಲೆ ಮಾರ್ಥಾ ದೇವರಿಗೆ ಕೈಮುಗಿದು, “ಅವ್ರ ಮಾತ ಮನಸಿಗೆ ಹಚ್ಕೋಬ್ಯಾಡ್ರಿ ಸ್ವಾಮಿ, ನನ್ನ ಸಲುವಾಗಿ ಹಂಗ ಅಂದಾರ” ಎಂದಳು. ಬಂದವರ ಪರವಾಗಿ ಕ್ಷಮೆ ಕೇಳುವ ಕೆಲಸವೂ ರೋಗಿಯ ಪಾಲಿಗೇ! ನನಗೆ ಇನ್ನಷ್ಟು ರೇಗಿತು.

ನೀವು ಗಮನಿಸಿರಬಹುದು, ಇವಳು ದೇವರಿಗೆ ‘ರೀ’ ಹಚ್ಚುತ್ತಾಳೆ. ಕನ್ನಡದಲ್ಲಿ ದೇವರು ಏಕವಚನದವನು. ಭಕ್ತರೂ ಪಾದ್ರಿಗಳೂ ಸಲಿಗೆಯಿಂದ ‘ನೀನು’ ಎಂದೇ ಕರೆಯುತ್ತ ಬಂದಿದ್ದಾರೆ. ಇದನ್ನು ಪಂಡಿತನಂತೆ ಒಮ್ಮೆ ಅವಳಿಗೆ ವಿವರಿಸಿದ್ದೆ. “ಕಂಡಕ್ಟರಗ ರೀ ಅಂತೀವಿ, ದೇವರಿಗೆ ಅನ್ನಬಾರದೇನ್ರಿ?” ಎಂದಳು.

ನಿನ್ನೆ ಸಂಜೆ, ಮಿರಜಿಗೆ ಒಯ್ಯುವ ಬಟ್ಟೆಗಳನ್ನು ಚೀಲಕ್ಕೆ ತುಂಬುತ್ತ, “ನೀವೂ ಒಂದ ಮಾತ ಬೇಡ್ಕೊಳ್ರಿ. ನಾಳೆ ಹೋಗೂದೈತಿ” ಎಂದಳು. ವಾರವಿಡೀ ಆ ಮನುಷ್ಯನನ್ನು ಬೈಯುವುದರಲ್ಲೇ ಕಳೆದಿದ್ದ ನಾನು, ವಿನಯ ಎಂದರೇನೆಂದು ತೋರಿಸಿಯೇ ಬಿಡೋಣ ಎಂದು ಮೊಣಕಾಲೂರಿದೆ. ‘ನಿಮ್ಮ ಚಿತ್ತದಂತೆ ಆಗಲಿ’ ಎನ್ನಬೇಕು, ಅಷ್ಟೇ. ಆದರೆ ಆ ಚಿತ್ತ ಇವಳನ್ನು ಕರೆದುಕೊಳ್ಳುವುದೇ ಆಗಿದ್ದರೆ? ಅದಕ್ಕೆ ನಾನು ಹೂಂ ಅನ್ನಬೇಕೇ? ಆಗ ತಿಳಿಯಿತು, ನನ್ನ ಸಿಟ್ಟು ಆ ಬಡಪಾಯಿಯ ಮೇಲಲ್ಲ.

“ನಿಮ್ಮ ಮ್ಯಾಲ ಭಾಳ ಸಿಟ್ಟ ಬಂದೈತ್ರಿ” ಎಂದೆ. “ಈಕಿನ್ನ ನನಗ ಬಿಡ್ರಿ. ಬ್ಯಾರೆ ಏನೂ ಬ್ಯಾಡ್ರಿ.”

ಕಣ್ಣು ತೆರೆಯಲು ನಾಚಿಕೆಯಾಯಿತು. ಇಂಥದ್ದನ್ನು ಯಾರಾದರೂ ಪ್ರಾರ್ಥನೆ ಎನ್ನುತ್ತಾರೆಯೇ?

“ಆಮೆನ್” ಎಂದು ಮಾರ್ಥಾ ನನ್ನ ತೋಳು ಹಿಡಿದು ಎಬ್ಬಿಸಿದಳು. “ರೀ ಅಂದ್ರಲ್ಲಾ, ಸಾಕು. ಸಿಟ್ಟ ಅವ್ರು ತಾಳ್ಕೋತಾರ.”