ಅಮ್ಮ ಬಾರದ ಶುಕ್ರವಾರ

ಭಾವ, ಆ ಶುಕ್ರವಾರ ನನ್ನ ಮೈಮೇಲೆ ಅಮ್ಮ ಬಂದಿರಲಿಲ್ಲ. ಕೂಗಿದ್ದು ನಾನು — ನಿಮ್ಮ ತಮ್ಮನ ಹೆಂಡತಿ, ಪೂರ್ತಿ ಎಚ್ಚರದಲ್ಲಿ.

ಅದಕ್ಕೆ ಮುಂಚೆ ಬಂದದ್ದೆಲ್ಲ ನಿಜ. ಅಮ್ಮ ಬಂದು ಹೋದ ಮೇಲೆ ನನಗೆ ಏನೂ ನೆನಪಿರುವುದಿಲ್ಲ. ಅವತ್ತಿನದು ಮಾತ್ರ ಎಲ್ಲವೂ ನೆನಪಿದೆ.

ನಮ್ಮ ಹಿಂದಿನ ಕೋಣೆಗಳಲ್ಲಿ ಬಾಡಿಗೆಗಿರುವ ಒಡಿಶಾದ ಹುಡುಗಿಯರು — ಕಂಪನಿ ಬಸ್ಸಿನಲ್ಲಿ ನರಸಾಪುರದ ಫ್ಯಾಕ್ಟರಿಗೆ ಹೋಗಿಬರುವವರು. ಅವರ ಊರ ಗುಡಿಯಲ್ಲೂ ಒಬ್ಬ ಅಮ್ಮ ಇದ್ದಾಳೆ. ಆಕೆ ದೂರವಾದಳೆಂದು ನಮ್ಮ ಗಂಗಮ್ಮನನ್ನೇ ತಾಯಿ ಅಂದುಕೊಂಡರು. ಆ ಶುಕ್ರವಾರ ಶಿಫ್ಟ್ ಮುಗಿಸಿ, ಮಿಂದು, ತೆಂಗಿನಕಾಯಿ, ಕೆಂಪು ಬಳೆ ಹಿಡಿದು ಗುಡಿಗೆ ಬಂದರು. ಪೂಜಾರಿಯಾದ ನೀವು ಅವರ ಮುಖದ ಮೇಲೇ ಬಾಗಿಲೆಳೆದಿರಿ. "ಇವತ್ತಿದ್ದು ನಾಳೆ ಹೋಗೋರು. ಇವ್ರಿಗೆಲ್ಲ ನಮ್ಮಮ್ಮ ಏನ್ ಬಿಟ್ಟಿ ಸಿಕ್ಕಿದ್ದಾಳಾ?" ಅವರಲ್ಲಿ ಚಿಕ್ಕವಳು, ಸಬಿತಾ, ಈಗಷ್ಟೇ ಕಲಿತ ಕನ್ನಡದಲ್ಲಿ ನನ್ನನ್ನು ಕೇಳಿದಳು: "ಅಕ್ಕಾ, ಅಮ್ಮಂಗೆ ನಾವು ಬೇಡ್ವಾ?"

ಮೈಯೆಲ್ಲ ಉರಿಯಿತು. ನಾನಾಗಿ ಹೇಳಿದ್ದರೆ ಕೇಳುತ್ತಿದ್ದಿರಾ? ನಮ್ಮ ಮನೆಯಲ್ಲಿ ಹೆಂಗಸಿನ ಮಾತು ಯಾವತ್ತು ನಡೆದಿದೆ? ಅದಕ್ಕೇ ಅಮ್ಮ ಬಂದವಳಂತೆ ಜಡೆ ಬಿಚ್ಚಿದೆ. ಅಮ್ಮ ಬಂದರೆ ತೆಲುಗಿನಲ್ಲೇ ಆಡುತ್ತಾಳೆಂದು ನೀವೇ ಹೇಳಿದ್ದಿರಿ. ನಾನೂ ತೆಲುಗಿನಲ್ಲೇ ಅರಚಿದೆ. "ವಾಳ್ಳೂ ನಾ ಬಿಡ್ಡಲೇರಾ! ತಲುಪು ತಿಯ್ಯರಾ!" ಅವರೂ ನನ್ನ ಮಕ್ಕಳೇ, ಬಾಗಿಲು ತೆಗಿಯೋ ಎಂದು.

ನೀವು ತೆಗೆದಿರಿ. ಅಲ್ಲಿಗೆ ನಿಲ್ಲಿಸಬೇಕಿತ್ತು — ನಿಲ್ಲಿಸಲಿಲ್ಲ. ನಿನ್ನ ಕೈಯ ಪೂಜೆ ನನಗೆ ಬೇಡ ಎಂದೂ ಅಂದೆ. ಅದು ಅಮ್ಮನ ಮಾತೂ ಅಲ್ಲ, ಆ ಹುಡುಗಿಯರಿಗಾಗಿ ಆಡಿದ್ದೂ ಅಲ್ಲ. ನನ್ನ ಹೊಟ್ಟೆಯೊಳಗಿನ ಹಳೇ ಸಿಟ್ಟು. ನೀವು ಉದ್ದಕ್ಕೆ ಅಡ್ಡಬಿದ್ದಿರಿ. ಊರವರು ಆರತಿ ತಟ್ಟೆಯನ್ನು ನಿಮ್ಮ ಕೈಯಿಂದ ತೆಗೆದು ಬೇರೆಯವರಿಗೆ ಕೊಟ್ಟರು.

ಅಂದಿನಿಂದ ನನ್ನೆದುರು, ತಮ್ಮನ ಹೆಂಡತಿಯ ಎದುರು, ಕೈಮುಗಿದು ನಿಲ್ಲುತ್ತೀರಿ. "ಅಮ್ಮ ಇನ್ನೂ ಕ್ಷಮಿಸ್ಲಿಲ್ವೇನಮ್ಮ?" ನಾನು ಒಲೆಯ ಕಡೆ ತಿರುಗಿಕೊಳ್ಳುತ್ತೇನೆ. ನಾಚಿಕೆಯಾಗುತ್ತದೆ, ಭಾವ. ಎಷ್ಟು ಅಂದರೆ —

ಇನ್ನು ಮುಚ್ಚಿಡುವುದಿಲ್ಲ. ಊರ ಮುಂದೆ ಹೇಳುತ್ತೇನೆ; ನಿಮ್ಮ ಪೂಜೆ ನಿಮಗೆ ಬರಲಿ. ನಾಟಕದವಳು ಎಂದು ಉಗಿಯಲಿ, ಇನ್ನು ಮುಂದೆ ಅಮ್ಮ ನಿಜವಾಗಿ ಬಂದರೂ ಯಾರೂ ನಂಬದಿರಲಿ. ಆದರೆ ಬಾಗಿಲ ವಿಷಯದಲ್ಲಿ ಆಡಿದ ಒಂದಕ್ಷರವನ್ನೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ನೀವು ಮತ್ತೆ ಪೂಜೆಗೆ ನಿಂತ ದಿನ ಮೊದಲ ಕಾಯಿ ಆ ಹುಡುಗಿಯರದು. ನೀವು ಒಡೆಯದಿದ್ದರೆ ನಾನೇ ಒಡೆಯುತ್ತೇನೆ.